ಯಾರಿಗೂ ಲೆಕ್ಕ ಕೊಡದ ಒಂದು ಗಂಟೆ

ನಮ್ಮ ಕಾಲೇಜಿನಲ್ಲಿ ಮೊದಲ ಪೀರಿಯಡ್ಡಿಗೆ ಬಾರದವರ ಮನೆಗೆ ಹತ್ತು ಗಂಟೆಯೊಳಗೆ ಒಂದು ಮೆಸೇಜು ಹೋಗುತ್ತದೆ. ನಿಮ್ಮ ಮಗ ಅಥವಾ ಮಗಳು ಇಂದು ಮೊದಲನೇ ಅವಧಿಗೆ ಗೈರುಹಾಜರು, ಅಂತ. ಹುಡುಗರಿಗೂ ಹುಡುಗಿಯರಿಗೂ ಒಂದೇ ಮೆಸೇಜು, ಅದೇ ಅಕ್ಷರ, ಅದೇ ಹೊತ್ತು. ‘ಇದಕ್ಕಿಂತ ಸಮಾನತೆ ಬೇಕೇನ್ರೀ ನಿಮ್ಗೆ?’ ಅಂತ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ನನ್ನನ್ನು ಕೆಣಕಿದ್ದೂ ಉಂಟು.

ಮೆಸೇಜು ಒಂದೇ, ನಿಜ. ಅದು ತಲುಪುವ ಮನೆಗಳು ಒಂದೇ ಅಲ್ಲವಲ್ಲ. ಹುಡುಗನ ಅಪ್ಪ ಅದನ್ನು ನೋಡಿ, ‘ಎಲ್ಲೋ ಟೀ ಅಂಗಡೀಲಿ ಕೂತಿರ್ತಾನೆ ಬಿಡು’ ಅಂದುಕೊಂಡು ಫೋನನ್ನು ಜೇಬಿಗೆ ಹಾಕುತ್ತಾನೆ. ಹುಡುಗಿಯ ಮನೆಯಲ್ಲಿ ಅದೇ ಸಾಲು ಬೇರೆ ಥರ ಓದಿಸಿಕೊಳ್ಳುತ್ತದೆ. ಎಲ್ಲಿದ್ದಾಳೆ? ಯಾರ ಜೊತೆ ಇದ್ದಾಳೆ? ನಮ್ಮ ಮರ್ಯಾದೆ ಗತಿ ಏನು?

ಎರಡನೇ ವರ್ಷದ ಬಿ.ಎ. ಓದುವ ಒಬ್ಬ ಹುಡುಗಿ ಹೋದ ವರ್ಷ ಒಂದು ಮಂಗಳವಾರ ಮೊದಲ ಪೀರಿಯಡ್ಡಿಗೆ ಬರಲಿಲ್ಲ. ಬಸ್‌ ಸ್ಟ್ಯಾಂಡಿನ ಪಕ್ಕದ ಸೈಬರ್ ಅಂಗಡಿಯಲ್ಲಿ ಕೂತು ಪೊಲೀಸ್ ನೇಮಕಾತಿಯ ಅರ್ಜಿ ತುಂಬಿಸುತ್ತಿದ್ದಳು. ಮನೆಯಲ್ಲಿ ಹೇಳಿರಲಿಲ್ಲ, ಹೇಳಿದ್ದರೆ ಬಿಡುತ್ತಿರಲಿಲ್ಲ. ಮೆಸೇಜು ಹೋಗಿ ಮುಕ್ಕಾಲು ಗಂಟೆಗೆಲ್ಲ ಅವಳ ಅಪ್ಪ ಲಗೇಜ್ ಆಟೋ ಓಡಿಸಿಕೊಂಡು ಕಾಲೇಜಿನ ಗೇಟಿಗೆ ಬಂದರು. ಅಷ್ಟು ಹೊತ್ತಿಗೆ ಅವಳು ಎರಡನೇ ಪೀರಿಯಡ್ಡಿನಲ್ಲಿ ಕೂತಿದ್ದಳು. ಕರೆದುಕೊಂಡು ಹೋದರು. ಆಮೇಲೆ ಒಂಬತ್ತು ದಿನ ಅವಳ ಪತ್ತೆಯಿಲ್ಲ. ಆ ಒಂಬತ್ತು ದಿನವೂ ಅದೇ ಮೆಸೇಜು ಅದೇ ಅಪ್ಪನಿಗೆ ತಪ್ಪದೆ ಹೋಗುತ್ತಿತ್ತು, ನಿಮ್ಮ ಮಗಳು ಗೈರುಹಾಜರು ಅಂತ. ಅವಳನ್ನು ಮನೆಯಲ್ಲಿ ಕೂರಿಸಿಕೊಂಡಿದ್ದವರಿಗೇ!

ಅವಳ ಮೆಂಟರ್ ನಾನು. ಫೋನು ಮಾಡಿದೆ. ಒರಟು ಮನುಷ್ಯರೇನಲ್ಲ, ಮೆತ್ತಗೆ ಮಾತಾಡಿದರು. ‘ಮೇಡಂ, ಕಾಲ ಸರಿಯಿಲ್ಲ. ಹೆಣ್ಣುಮಗು. ಇನ್ನು ಪರೀಕ್ಷೆಗೆ ಮಾತ್ರ ಕಳಿಸ್ತೀನಿ, ಓದೋದೆಲ್ಲಾ ಫೋನಲ್ಲೇ ಬರ್ತದಂತಲ್ಲ’ ಅಂದರು. ಎರಡು ಸಲ ಮಾತಾಡಿ, ಮೂರನೇ ಸಲ ಮನೆಗೇ ಹೋಗಿ ಕೂತಾಗ ಒಂದು ಷರತ್ತಿನ ಮೇಲೆ ಒಪ್ಪಿದರು. ‘ಅವಳು ಕ್ಲಾಸಲ್ಲಿ ಇದಾಳೆ ಅಂತ ದಿನಾ ಬೆಳಿಗ್ಗೆ ನೀವೇ ಒಂದು ಮಿಸ್ಡ್ ಕಾಲ್ ಕೊಡಬೇಕು ಮೇಡಂ.’ ನಾನು ಅಂದೆ, ‘ಅಣ್ಣಾ, ನಾನು ಪಾಠ ಮಾಡೋಕೆ ಇರೋಳು. ಕಾವಲು ಕಾಯೋಕಲ್ಲ. ಅವಳಿಗೆ ಹತ್ತೊಂಬತ್ತು ತುಂಬಿದೆ, ವೋಟು ಹಾಕ್ತಾಳೆ.’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ಅವಳ ತಮ್ಮನ್ನ ಜೊತೆಗೆ ಕಳಿಸ್ತೀನಿ’ ಅಂದರು. ಹುಡುಗಿ ಬಂದಳು. ಪಿಯುಸಿ ಓದುವ ತಮ್ಮ ದಿನಾ ಗೇಟಿನವರೆಗೂ ಬಂದು ಹೋಗುತ್ತಿದ್ದ. ಪೊಲೀಸ್ ಅರ್ಜಿಯ ಕೊನೆಯ ದಿನ ಮುಗಿದು ಹೋಗಿತ್ತು.

ಅಲ್ಲಿಂದೀಚೆಗೆ ಒಂದು ಪ್ರಶ್ನೆ ನನ್ನ ತಲೆ ಕೊರೆಯುತ್ತಿದೆ. ವಿಶ್ವವಿದ್ಯಾಲಯ, ಕಾಲೇಜು ಅಂತ ನಾವು ಕರೆಯುವ ಈ ಜಾಗ ಒಬ್ಬ ಹುಡುಗಿಗೆ ಕೊಡುವುದಾದರೂ ಏನು? ಪಾಠ ಕೊಡುತ್ತದೆ, ಸರ್ಟಿಫಿಕೇಟು ಕೊಡುತ್ತದೆ, ಆಯಿತು. ಪಾಠ ಈಗ ಯೂಟ್ಯೂಬಿನಲ್ಲೂ ಸಿಗುತ್ತದೆ. ಬೇರೆಲ್ಲೂ ಸಿಗದ ಇನ್ನೊಂದನ್ನು ಈ ಜಾಗ ಸದ್ದಿಲ್ಲದೆ ಕೊಡುತ್ತಾ ಬಂದಿತ್ತು. ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ದಿನದ ಒಂದೆರಡು ಗಂಟೆ.

ನನಗೆ ಸಿಕ್ಕಿದ್ದು ಅದು. ತೊಂಬತ್ತರ ದಶಕದಲ್ಲಿ ಕೃಷ್ಣರಾಜಪೇಟೆ ಕಡೆಯ ಹಳ್ಳಿಯಿಂದ ಮೈಸೂರಿನ ಮಾನಸಗಂಗೋತ್ರಿಗೆ ಎಂ.ಎ. ಓದಲು ಬಂದವಳು ನಾನು. ಊರೊಳಗಿನ ಒಂದು ಹಾಸ್ಟೆಲ್ಲಿನಲ್ಲಿದ್ದೆ. ದೀಪ ಹಚ್ಚುವ ಹೊತ್ತಿಗೆ ಗೇಟು ಬೀಳುತ್ತಿತ್ತು, ಒಂದು ನಿಮಿಷ ತಡವಾದರೂ ವಾರ್ಡನ್ ಬಾಯಿಗೆ ಆಹಾರ. ಅದೇನೂ ಸ್ವರ್ಗವಾಗಿರಲಿಲ್ಲ. ಆದರೆ ಬೆಳಿಗ್ಗೆ ಹಾಸ್ಟೆಲ್ ಬಿಟ್ಟ ಮೇಲೆ ಸಂಜೆಯವರೆಗೆ ನಾನು ಎಲ್ಲಿದ್ದೇನೆ ಅಂತ ಲೋಕದಲ್ಲಿ ಯಾರಿಗೂ ಗೊತ್ತಿರುತ್ತಿರಲಿಲ್ಲ. ಅವ್ವನಿಗೆ ಹದಿನೈದು ದಿನಕ್ಕೊಂದು ಇನ್‌ಲ್ಯಾಂಡ್ ಲೆಟರು. ಅವಳಿಗೆ ಓದಲು ಬಾರದು, ಪಕ್ಕದ ಮನೆಯ ಹುಡುಗ ಓದಿ ಹೇಳುತ್ತಿದ್ದ. ಕ್ಷೇಮ ಅನ್ನುವುದು ಬಿಟ್ಟು ಮತ್ತೇನನ್ನೂ ಬರೆಯುವ ಹಾಗಿರಲಿಲ್ಲ.

ಆ ಹೊತ್ತಿನಲ್ಲಿ ನಾನು ಘನಂದಾರಿಯಾದದ್ದೇನೂ ಮಾಡಲಿಲ್ಲ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆದೆ. ಗ್ರಂಥಾಲಯದಲ್ಲಿ ಸಿಲೆಬಸ್ಸಿಗೆ ಸಂಬಂಧವೇ ಇಲ್ಲದ ಪುಸ್ತಕ ಓದಿದೆ. ಇಪ್ಪತ್ತೊಂದನೇ ವಯಸ್ಸಿನಲ್ಲಿ ಗೆಳತಿಯೊಬ್ಬಳ ಸೈಕಲ್ಲಿನ ಮೇಲೆ ಬಿದ್ದು ಎದ್ದು ಸವಾರಿ ಕಲಿತೆ. ಯಾರೋ ಕರೆದರು ಅಂತ ಒಂದು ವಿಚಾರ ಸಂಕಿರಣಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು, ವೇದಿಕೆಯ ಮೇಲಿದ್ದ ಗಂಡಸೊಬ್ಬರ ಮಾತು ಸರಿಯಿಲ್ಲ ಅಂತ ಮೊದಲ ಸಲ ಮನಸ್ಸಿನಲ್ಲೇ ಅಂದುಕೊಂಡೆ. ಎರಡು ತಿಂಗಳ ಮೇಲೆ ಇನ್ನೊಂದು ಕಡೆ ಎದ್ದು ನಿಂತು ಬಾಯಿಬಿಟ್ಟೇ ಅಂದೆ. ಮನಸ್ಸಿನಲ್ಲಿ ಅನ್ನುವುದಕ್ಕೂ ಬಾಯಿಬಿಟ್ಟು ಅನ್ನುವುದಕ್ಕೂ ನಡುವೆ ಬೇಕಾದ ಆ ಎರಡು ತಿಂಗಳು ಯಾವ ಟೈಮ್ ಟೇಬಲ್ಲಿನಲ್ಲೂ ಇರಲಿಲ್ಲ.

ವಿಶ್ವವಿದ್ಯಾಲಯಗಳ ಬಾಗಿಲು ಹೆಣ್ಣುಮಕ್ಕಳಿಗೆ ಹೇಗೆ ತೆರೆಯಿತು ಅನ್ನುವುದನ್ನು ಒಮ್ಮೆ ನೋಡಿ. ಇಂಗ್ಲೆಂಡಿನ ಕೇಂಬ್ರಿಜ್‌ನ ಗರ್ಟನ್ ಕಾಲೇಜು ಹೆಣ್ಣುಮಕ್ಕಳಿಗಾಗಿ ಶುರುವಾದದ್ದು 1869ರಲ್ಲಿ. ಅಲ್ಲಿ ಓದಿದವರಿಗೆ ಗಂಡಸರ ಸಮಕ್ಕೆ ಪೂರ್ಣ ಪದವಿ ಕೊಡಲು ಆ ವಿಶ್ವವಿದ್ಯಾಲಯ ಒಪ್ಪಿದ್ದು 1948ರಲ್ಲಿ! ಹೆಚ್ಚುಕಡಿಮೆ ಎಂಬತ್ತು ವರ್ಷ ಬಂದು ಕೂರಿ, ಕೇಳಿ, ಪರೀಕ್ಷೆ ಬರೆಯಿರಿ, ಆದರೆ ನೀವು ನಮ್ಮವರಲ್ಲ ಅಂದ ಹಾಗೆ. ನಮ್ಮ ಕಲ್ಕತ್ತಾ ವಿಶ್ವವಿದ್ಯಾಲಯ 1878ರಲ್ಲೇ ಹೆಂಗಸರಿಗೆ ಪರೀಕ್ಷೆ ಬರೆಯಲು ಅವಕಾಶ ಕೊಟ್ಟಿತು. ಅದಾಗಿ ಕೆಲವೇ ವರ್ಷಕ್ಕೆ ಕಾದಂಬಿನಿ ಗಂಗೂಲಿ, ಚಂದ್ರಮುಖಿ ಬಸು ಇಬ್ಬರೂ ಬಿ.ಎ. ಮುಗಿಸಿದರು.

ಈಗ ಲೆಕ್ಕ ನೋಡಿದರೆ ಗೆದ್ದ ಹಾಗೇ ಇದೆ. ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2021-22ರಲ್ಲಿ ದೇಶದ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಇದ್ದ 4.33 ಕೋಟಿ ಮಂದಿಯಲ್ಲಿ 2.07 ಕೋಟಿ ಹೆಣ್ಣುಮಕ್ಕಳು. ಒಟ್ಟು ದಾಖಲಾತಿ ಪ್ರಮಾಣದಲ್ಲಂತೂ ಹುಡುಗಿಯರದು 28.5, ಹುಡುಗರದು 28.3. ನಮ್ಮ ಕಾಲೇಜಿನಲ್ಲೂ ನೂರಕ್ಕೆ ಅರವತ್ತು ಹುಡುಗಿಯರೇ. ಚಿನ್ನದ ಪದಕದವರ ಫೋಟೋ ಪೇಪರಿನಲ್ಲಿ ಬಂದರೆ ಸಾಲಾಗಿ ಹೆಣ್ಣುಮಕ್ಕಳೇ ನಿಂತಿರುತ್ತಾರೆ. ಈ ಸಂಖ್ಯೆ ಸುಳ್ಳಲ್ಲ, ಖುಷಿಯೂ ಸುಳ್ಳಲ್ಲ. ಆದರೆ ದಾಖಲಾತಿ ಹೇಳುವುದು ಹುಡುಗಿ ಗೇಟು ದಾಟಿ ಒಳಗೆ ಬಂದಳು ಅಂತ ಮಾತ್ರ. ಒಳಗೆ ಬಂದ ಮೇಲೆ ಮನೆ ಅವಳನ್ನು ಬಿಟ್ಟಿತೋ, ಅವಳ ಹಿಂದೆಯೇ ಅದೂ ಒಳಕ್ಕೆ ಬಂತೋ ಅಂತ ಯಾವ ಸಮೀಕ್ಷೆಯೂ ಕೇಳುವುದಿಲ್ಲ.

ಕೊರೋನಾ ಕಾಲದಲ್ಲಿ ಇದು ಉಲ್ಟಾ ಆಯಿತು. ಮನೆ ಕಾಲೇಜಿಗೆ ಬರುವ ಬದಲು ಕಾಲೇಜೇ ಮನೆಯೊಳಕ್ಕೆ ಹೋಯಿತು. 2020ರ ಆ ತಿಂಗಳುಗಳಲ್ಲಿ ನನ್ನ ಆನ್‌ಲೈನ್ ಕ್ಲಾಸಿನ ಹಾಜರಾತಿ ನೋಡಿದರೆ ಹುಡುಗಿಯರದೇ ಮೇಲುಗೈ. ಐವತ್ತೈದು ನಿಮಿಷಕ್ಕೆ ಐವತ್ತೈದು ನಿಮಿಷವೂ ಲಾಗಿನ್ ಆಗಿರುತ್ತಿದ್ದರು. ಯಂತ್ರದ ಪ್ರಕಾರ ಅವರಷ್ಟು ಶಿಸ್ತಿನ ವಿದ್ಯಾರ್ಥಿಗಳು ಬೇರಿಲ್ಲ. ಒಂದು ದಿನ ಪ್ರಶ್ನೆ ಕೇಳಿದಾಗ ಒಬ್ಬಳು ಮೈಕು ಆನ್ ಮಾಡಿದಳು. ಹಿಂದಿನಿಂದ ಕುಕ್ಕರಿನ ಕೂಗು, ಯಾರೋ ಮುದುಕರ ಕೆಮ್ಮು, ‘ಏಯ್, ಆ ಮುದ್ದೆ ಕಟ್ಟಿ ಆಮೇಲೆ ಮಾತಾಡು’ ಅನ್ನುವ ಒಂದು ದನಿ, ಎಲ್ಲ ಒಟ್ಟಿಗೆ ಬಂತು. ಮೈಕು ಟಪ್ ಅಂತ ಆಫ್ ಆಯಿತು. ಕಿವಿಯಲ್ಲಿ ಇಯರ್‌ಫೋನು, ಕೈಯಲ್ಲಿ ಮುದ್ದೆ ಕೋಲು. ಯಂತ್ರ ‘ಹಾಜರು’ ಅಂತಲೇ ಬರೆದುಕೊಂಡಿತು.

ಕ್ಯಾಮೆರಾ ಆನ್ ಮಾಡಲೇಬೇಕು ಅಂತ ಆಗ ಸುತ್ತೋಲೆ ಬಂದಿತ್ತು. ಹುಡುಗಿಯರು ಮಾಡುತ್ತಿರಲಿಲ್ಲ. ಒಂದೇ ಕೋಣೆಯ ಮನೆ, ಹಿಂದೆ ಒಣಗಲು ಹಾಕಿದ ಬಟ್ಟೆ, ಬನಿಯನ್ನಿನಲ್ಲಿ ಅಡ್ಡಾಡುವ ಅಣ್ಣ. ತರಗತಿಯಲ್ಲಿ ಎಲ್ಲರೂ ಒಂದೇ ಬಣ್ಣದ ಬೆಂಚಿನ ಮೇಲೆ ಕೂರುತ್ತಾರೆ, ಯಾರ ಮನೆ ಹೇಗಿದೆ ಅಂತ ಯಾರಿಗೂ ಕಾಣುವುದಿಲ್ಲ. ಬಡವರ ಮನೆಯ ಹುಡುಗಿಗೆ, ಅದರಲ್ಲೂ ಕೇರಿಯಿಂದ ಬರುವವಳಿಗೆ, ಆ ಬೆಂಚು ಎಷ್ಟು ದೊಡ್ಡದು ಅನ್ನುವುದು ಕ್ಯಾಮೆರಾ ಆನ್ ಮಾಡಿ ಅಂದಾಗ ಅರ್ಥವಾಯಿತು.

ಇದು ನಮ್ಮೂರ ಕಥೆ ಮಾತ್ರ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದೇವೆ ಅಂದ ಗಂಡಸರು ಶೇ. 57.1, ಹೆಂಗಸರು ಶೇ. 33.3. ತಾನೇ ಬಳಸುವ ಮೊಬೈಲು ಇದೆ ಅಂದ ಹೆಂಗಸರು ಶೇ. 54. ಉಳಿದವರದು ಗಂಡನದೋ, ಅಣ್ಣನದೋ, ಅಪ್ಪನದೋ ಫೋನು. ಹೊತ್ತಿನ ಲೆಕ್ಕವೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಮಾಡಿಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು. ಮಾಡುವ ಗಂಡಸರು 97 ನಿಮಿಷ. ಈ 299 ನಿಮಿಷದ ನಡುವೆ ತರಗತಿಯನ್ನು ತಂದು ಇಟ್ಟರೆ ಯಾವುದು ಯಾವುದನ್ನು ನುಂಗುತ್ತದೆ ಅಂತ ಹೇಳಲು ಪಿಎಚ್‌.ಡಿ. ಬೇಕಿಲ್ಲ.

ಕೊರೋನಾ ಹೋಯಿತು, ಆನ್‌ಲೈನ್ ಉಳಿಯಿತು. ಸರ್ಕಾರದ ‘ಸ್ವಯಂ’ ವೇದಿಕೆಯ ಕೋರ್ಸುಗಳಿಂದ ಒಂದು ಸೆಮಿಸ್ಟರಿನ ಶೇ. 40ರವರೆಗೆ ಕ್ರೆಡಿಟ್ ಪಡೆಯಬಹುದು ಅಂತ ಯುಜಿಸಿ 2021ರಲ್ಲಿ ನಿಯಮ ಮಾಡಿತು. ಒಳ್ಳೆಯ ಕೋರ್ಸುಗಳಿವೆ, ನಾನೇ ಎರಡು ಮುಗಿಸಿದ್ದೇನೆ. ಮಗು ಹೆತ್ತು ಓದು ನಿಲ್ಲಿಸಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಫೋನಿನಲ್ಲಿ ಪಾಠ ಕೇಳಿ ಎಂ.ಎ. ಮುಗಿಸಿದಳು. ಅವಳಿಗೆ ಆ ಬಾಗಿಲು ಇರದಿದ್ದರೆ ಬೇರೆ ಬಾಗಿಲೇ ಇರಲಿಲ್ಲ. ಮನೆಯಿಂದ ಹೊರಗೆ ಬರಲಾಗದವಳಿಗೆ ತಂತ್ರಜ್ಞಾನ ಕಿಟಕಿ ಆದರೆ ಸಂತೋಷ. ಹೊರಗೆ ಬರಬಲ್ಲವಳಿಗೆ ‘ಕಿಟಕಿ ಇದೆಯಲ್ಲ, ಬಾಗಿಲು ಯಾಕೆ?’ ಅಂತ ಕೇಳುವವರು ಬಂದಾಗ ಭಯ. ಆಟೋ ಓಡಿಸುವ ಆ ಅಪ್ಪ ಅಂದದ್ದೂ ಅದೇ ಅಲ್ಲವೇ, ಓದೋದೆಲ್ಲಾ ಫೋನಲ್ಲೇ ಬರ್ತದಂತಲ್ಲ ಅಂತ?

ಹಾಗಂತ ತಂತ್ರಜ್ಞಾನವೇ ಶತ್ರು ಅಂತ ತೀರ್ಮಾನ ಮಾಡಿಬಿಟ್ಟರೆ ಕೇರಳದ ಒಂದು ಪ್ರಕರಣ ಬಂದು ಅಡ್ಡ ನಿಲ್ಲುತ್ತದೆ. ಕೋಯಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲು ಮುಟ್ಟುವಂತಿಲ್ಲ ಅಂತ ನಿಯಮವಿತ್ತು. ಫಹೀಮಾ ಶಿರಿನ್ ಎಂಬ ವಿದ್ಯಾರ್ಥಿನಿ ಒಪ್ಪಲಿಲ್ಲ. ಹಾಸ್ಟೆಲ್ಲಿನಿಂದ ಹೊರಗೆ ಹಾಕಿದರು. ಅವಳು ಹೈಕೋರ್ಟಿಗೆ ಹೋದಳು. 2019ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಪಿ.ವಿ. ಆಶಾ ತೀರ್ಪು ಕೊಟ್ಟರು. ಇಂಟರ್‌ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗ, ಖಾಸಗಿತನದ ಹಕ್ಕಿನ ಭಾಗ, ಹುಡುಗಿಯನ್ನು ಹಾಸ್ಟೆಲ್ಲಿಗೆ ಮತ್ತೆ ಸೇರಿಸಿಕೊಳ್ಳಿ ಅಂತ. ಅಲ್ಲಿ ಫೋನೇ ಆ ಹುಡುಗಿಯ ಕೆರೆ ಏರಿ. ಯಾರಿಗೂ ಲೆಕ್ಕ ಕೊಡದೆ ಓದುವ, ಹುಡುಕುವ, ಮಾತಾಡುವ ಜಾಗ.

ಅಂದರೆ ಒಂದು ಕಡೆ ಹುಡುಗಿಯ ಕೈಯಿಂದ ಫೋನು ಕಿತ್ತುಕೊಳ್ಳುತ್ತಾರೆ. ಇನ್ನೊಂದು ಕಡೆ ಅವಳ ಅಪ್ಪನ ಕೈಗೆ ಆಪ್ ಕೊಡುತ್ತಾರೆ. ಎರಡೂ ಮಾಡುವವರು ನಮ್ಮಂಥ ಸಂಸ್ಥೆಗಳೇ, ಎರಡಕ್ಕೂ ಕೊಡುವ ಕಾರಣ ಸುರಕ್ಷತೆಯೇ. ಹಾಗಾಗಿ ಯಂತ್ರ ಬೇಕೋ ಬೇಡವೋ ಅನ್ನುವ ಚರ್ಚೆಯಲ್ಲಿ ನನಗೆ ಆಸಕ್ತಿಯಿಲ್ಲ. ಯಂತ್ರ ಯಾರ ಕೈಯಲ್ಲಿದೆ, ಅದು ಯಾರಿಗೆ ವರದಿ ಒಪ್ಪಿಸುತ್ತದೆ ಅನ್ನುವುದೊಂದೇ ನನ್ನ ಪ್ರಶ್ನೆ.

ಸುರಕ್ಷತೆ ಬೇಡ ಅಂತ ಯಾರೂ ಅನ್ನುವುದಿಲ್ಲ. 2012ರ ಡಿಸೆಂಬರಿನ ದೆಹಲಿಯ ಘಟನೆಯ ನಂತರ ಯುಜಿಸಿ ಒಂದು ಕಾರ್ಯಪಡೆ ರಚಿಸಿತು. ಅದರ ‘ಸಕ್ಷಮ್’ ವರದಿ 2013ರಲ್ಲಿ ಬಂತು. ಕ್ಯಾಂಪಸ್ಸಿನ ಸುರಕ್ಷತೆಯ ಹೆಸರಿನಲ್ಲಿ ಅತಿಯಾದ ಕಣ್ಗಾವಲು ಇರಬಾರದು, ಹೆಣ್ಣುಮಕ್ಕಳ ಓಡಾಟಕ್ಕೆ ಕಡಿವಾಣ ಹಾಕಬಾರದು, ಹಾಸ್ಟೆಲ್ಲಿನಲ್ಲಿ ಹುಡುಗರಿಗೊಂದು ಹುಡುಗಿಯರಿಗೊಂದು ನಿಯಮ ಇರಬಾರದು ಅಂತ ಆ ವರದಿ ಸ್ಪಷ್ಟವಾಗಿಯೇ ಹೇಳಿದೆ. 2015ರಲ್ಲಿ ದೆಹಲಿಯ ಹುಡುಗಿಯರು ‘ಪಿಂಜ್ರಾ ತೋಡ್’, ಪಂಜರ ಮುರಿಯಿರಿ ಅಂತ ಹಾಸ್ಟೆಲ್ ಗೇಟುಗಳ ಮುಂದೆ ನಿಂತು ಕೇಳಿದ್ದೂ ಇದನ್ನೇ. ಆಗ ಪಂಜರ ಅಂದರೆ ಕಬ್ಬಿಣದ ಗೇಟು, ಬೀಗ, ರಿಜಿಸ್ಟರು. ಈಗ ಗೇಟಿಗೆ ಬೀಗ ಹಾಕುವ ಶ್ರಮವೂ ಬೇಡ. ನೋಟಿಫಿಕೇಶನ್ ಸಾಕು.

ನಮ್ಮ ಕಾಲೇಜಿಗೆ ಹೋದ ವರ್ಷ ಹೊಸದೊಂದು ವ್ಯವಸ್ಥೆ ಮಾರಲು ಒಂದು ಕಂಪನಿಯ ಹುಡುಗ ಬಂದಿದ್ದ. ಒಳ್ಳೆ ಇಸ್ತ್ರಿ ಮಾಡಿದ ಅಂಗಿ, ವಿನಯದ ಮಾತು. ಗೇಟಿನಲ್ಲಿ, ವರಾಂಡದಲ್ಲಿ, ಕ್ಲಾಸ್ ರೂಮಿನಲ್ಲಿ ಕ್ಯಾಮೆರಾ. ಮುಖ ನೋಡಿ ಅದೇ ಹಾಜರಿ ಹಾಕುತ್ತದೆ, ಪೋಷಕರ ಫೋನಿನ ಆಪಿಗೆ ಅದೇ ತಿಳಿಸುತ್ತದೆ. ‘ನೈಂಟಿ ನೈನ್ ಪರ್ಸೆಂಟ್ ಕರೆಕ್ಟ್ ಮೇಡಂ’ ಅಂದ.

ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ನಮ್ಮಲ್ಲಿ 1,400 ಮಕ್ಕಳು. ದಿನಕ್ಕೆ ಒಂದೇ ಸಲ ಹಾಜರಿ ಹಾಕಿದರೂ ನೂರಕ್ಕೆ ಒಂದು ತಪ್ಪು ಅಂದರೆ ದಿನಕ್ಕೆ 14. ಕ್ಲಾಸಿನಲ್ಲಿ ಕೂತ ಮಗುವನ್ನೇ ಇಲ್ಲ ಅಂತ ಸಾರುವ ಸುಳ್ಳು ಮೆಸೇಜು ದಿನಾ ಅಷ್ಟು ಮನೆಗಳಿಗೆ ಹೋಗಬಹುದು. ಅದರಲ್ಲಿ ಎಂಟು ಹುಡುಗಿಯರ ಮನೆ ಅಂತಿಟ್ಟುಕೊಳ್ಳಿ. ದಿನಾ ಎಂಟು ಮನೆಯಲ್ಲಿ ‘ಎಲ್ಲಿ ಹೋಗಿದ್ದೆ?’ ಅನ್ನುವ ಪಂಚಾಯಿತಿ. ಅವಳು ‘ಕ್ಲಾಸಲ್ಲೇ ಇದ್ದೆ ಅಪ್ಪಾ’ ಅಂದರೆ ಅಪ್ಪ ಮಗಳನ್ನು ನಂಬುತ್ತಾನೋ ಕ್ಯಾಮೆರಾವನ್ನೋ?

ಆ ಒಂದು ಪರ್ಸೆಂಟ್ ಎಲ್ಲರ ಮೇಲೂ ಸಮನಾಗಿ ಬೀಳುವುದೂ ಇಲ್ಲ. ಅಮೆರಿಕದ ಎಂ.ಐ.ಟಿ.ಯ ಜಾಯ್ ಬುವೊಲಂವಿನಿ, ಅವರ ಜೊತೆ ಟಿಮ್ನಿಟ್ ಗೆಬ್ರು, ಇಬ್ಬರು ಕಪ್ಪು ಸಂಶೋಧಕಿಯರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮುಖ ನೋಡಿ ಹೆಣ್ಣೋ ಗಂಡೋ ಅಂತ ಹೇಳುವ, ಮಾರುಕಟ್ಟೆಯಲ್ಲಿದ್ದ ಮೂರು ವ್ಯವಸ್ಥೆಗಳನ್ನು ಪರೀಕ್ಷೆ ಮಾಡಿದರು. ತಿಳಿಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ ಶೇ. 0.8. ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿ ಶೇ. 34.7ರವರೆಗೆ. ಕಂಪನಿಗಳು ಆಮೇಲೆ ತಿದ್ದಿಕೊಂಡವು, ಯಂತ್ರಗಳೂ ಸುಧಾರಿಸಿವೆ. ಆದರೆ ಆ ಇಬ್ಬರು ಹೆಂಗಸರು ‘ಯಾರ ಮುಖಕ್ಕೆ ಎಷ್ಟು ತಪ್ಪು?’ ಅಂತ ಬಿಡಿಸಿ ಕೇಳಿದ್ದರಿಂದ ತಾನೇ ಆ ಅಂತರ ಬಯಲಾದದ್ದು? ಒಟ್ಟು ಸರಾಸರಿ ಕೇಳಿದ್ದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತಿತ್ತು. ನಾನೂ ಆ ಹುಡುಗನನ್ನು ಕೇಳಿದೆ, ‘ಯಾರ್ಯಾರ ಮುಖಕ್ಕೆ ಎಷ್ಟೆಷ್ಟು ಅಂತ ಬೇರೆ ಬೇರೆ ಲೆಕ್ಕ ಇದ್ಯೇನಪ್ಪಾ?’ ‘ಆಫೀಸಲ್ಲಿ ಕೇಳಿ ಮೇಲ್ ಮಾಡ್ತೀನಿ ಮೇಡಂ’ ಅಂದ. ಮೇಲ್ ಬರಲಿಲ್ಲ.

ಸ್ಟಾಫ್ ಮೀಟಿಂಗಿನಲ್ಲಿ ಇದರ ಚರ್ಚೆ ಒಂದೂವರೆ ಗಂಟೆ ನಡೆಯಿತು. ಕ್ಯಾಮೆರಾ ಬಂದರೆ ಉಪನ್ಯಾಸಕರಿಗೆ ಹಾಜರಿ ಬರೆಯುವ ಕಷ್ಟ ತಪ್ಪುತ್ತದೆ ಅನ್ನುವುದು ಒಂದು ವಾದ. ಅದರಲ್ಲಿ ಹುರುಳಿದೆ. ಯಾಕೆಂದರೆ ಡಿಜಿಟಲ್ ಅಂದಾಗಿನಿಂದ ಕೆಲಸ ಕಡಿಮೆಯಾಗಿಲ್ಲ. ಹಾಜರಿ ಒಮ್ಮೆ ಪುಸ್ತಕದಲ್ಲಿ, ಒಮ್ಮೆ ಪೋರ್ಟಲ್ಲಿನಲ್ಲಿ. ಆಂತರಿಕ ಅಂಕ ಅಪ್‌ಲೋಡ್, ನ್ಯಾಕ್‌ ತಂಡ ಬರುವ ವರ್ಷವಂತೂ ಪ್ರತಿ ಕಾರ್ಯಕ್ರಮದ ಫೋಟೋ, ವರದಿ, ಸಹಿ. ಈ ದತ್ತಾಂಶ ತುಂಬುವವರು ಯಾರು ಅಂತೀರಿ? ನಮ್ಮಲ್ಲಿ ಬಹುಪಾಲು ಅತಿಥಿ ಉಪನ್ಯಾಸಕಿಯರು. ವರ್ಷ ವರ್ಷ ಹೊಸದಾಗಿ ಅರ್ಜಿ ಹಾಕಿ ಕೆಲಸಕ್ಕೆ ಬರಬೇಕಾದವರು ಯಾವುದಕ್ಕೂ ‘ಆಗಲ್ಲ’ ಅನ್ನುವ ಹಾಗಿಲ್ಲ. ರಾತ್ರಿ ಹತ್ತಕ್ಕೆ ವಾಟ್ಸ್ಯಾಪ್ ಗ್ರೂಪಿನಲ್ಲಿ ‘ಬೆಳಿಗ್ಗೆಯೊಳಗೆ ಬೇಕು’ ಅಂತ ಬರುತ್ತದೆ. ಮಕ್ಕಳನ್ನು ಮಲಗಿಸಿ, ಪಾತ್ರೆ ತೊಳೆದು, ಅವರು ಲ್ಯಾಪ್‌ಟಾಪ್ ತೆರೆಯುತ್ತಾರೆ.

ಅದೇ ಉಪನ್ಯಾಸಕಿಯರ ಹತ್ತಿರ ಹುಡುಗಿಯರು ಬಂದು ಅಳುತ್ತಾರೆ. ಮದುವೆ ಗೊತ್ತು ಮಾಡುತ್ತಿದ್ದಾರೆ ಮೇಡಂ, ಬಸ್ಸಿನಲ್ಲಿ ಒಬ್ಬ ದಿನಾ ಪಕ್ಕಕ್ಕೆ ಬಂದು ನಿಲ್ಲುತ್ತಾನೆ ಮೇಡಂ, ಮೂರು ತಿಂಗಳಿಂದ ಮುಟ್ಟಾಗಿಲ್ಲ ಮೇಡಂ. ಇದನ್ನು ಕೇಳಲು ಅರ್ಧ ಗಂಟೆ ಹಿಡಿಯುತ್ತದೆ, ಆಸ್ಪತ್ರೆಗೆ ಕರೆದುಕೊಂಡು ಹೋಗಲು ಅರ್ಧ ದಿನ. ಪೋರ್ಟಲ್ಲಿನಲ್ಲಿ ಇದಕ್ಕೆ ಕಾಲಂ ಇಲ್ಲ. ‘ಮೆಂಟರಿಂಗ್ ನಡೆಸಲಾಗಿದೆ: ಹೌದು/ಇಲ್ಲ’ ಅಂತ ಒಂದು ಚೌಕ ಇದೆ, ಅಷ್ಟೇ. ಮಕ್ಕಳು ಕಾಲೇಜು ಬಿಡದ ಹಾಗೆ ತಡೆಯುವ ಕೆಲಸ ಆ ಚೌಕದ ಹೊರಗೇ ನಡೆಯುತ್ತದೆ. ಯಂತ್ರ ಹುಡುಗಿ ಇಲ್ಲ ಅಂತ ಹೇಳಬಹುದು. ಯಾಕೆ ಇಲ್ಲ ಅಂತ ಕೇಳಲು ಒಬ್ಬಳು ಮನುಷ್ಯಳು ಬೇಕು, ಅವಳಿಗೆ ಪುರುಸೊತ್ತು ಬೇಕು.

ಮೀಟಿಂಗಿನಲ್ಲಿ ನಾನು ಕೇಳಿದ್ದು ಮೂರೇ ಮಾತು. ಒಂದು, ಗೈರುಹಾಜರಿಯ ಮೆಸೇಜು ಮೊದಲು ಆ ವಿದ್ಯಾರ್ಥಿಗೇ ಹೋಗಲಿ. ಒಂದು ದಿನ ಉತ್ತರ ಬರದಿದ್ದರೆ ಮೆಂಟರಿಗೆ ಹೋಗಲಿ. ಮೆಂಟರ್ ಮಾತಾಡಿ ನೋಡಿದ ಮೇಲೆ, ಅಗತ್ಯ ಬಿದ್ದರೆ ಮಾತ್ರ, ಮನೆಗೆ. ಎರಡು, ನಮ್ಮ ಪದವಿ ವಿದ್ಯಾರ್ಥಿಗಳು ಹೆಚ್ಚುಕಡಿಮೆ ಎಲ್ಲರೂ 18 ದಾಟಿದವರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಕ್ಕಳ ದತ್ತಾಂಶಕ್ಕೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಅದರ ಪ್ರಕಾರ ಮಕ್ಕಳೆಂದರೆ 18 ತುಂಬದವರು. ಮತ ಹಾಕುವ ಹುಡುಗಿಯ ಮುಖವನ್ನು ಯಂತ್ರಕ್ಕೆ ಕೊಡಬೇಕೋ ಬೇಡವೋ ಅಂತ ಅವಳನ್ನೇ ಕೇಳಿ. ಮೂರು, ವಾರಕ್ಕೆ ಒಂದಾದರೂ ಪೀರಿಯಡ್ಡು ಹಾಜರಿಯಿಲ್ಲದೆ ಇರಲಿ.

ಒಬ್ಬ ಹಿರಿಯರು, ಒಳ್ಳೆಯವರೇ, ‘ಏನಾದ್ರೂ ಹೆಚ್ಚುಕಡಿಮೆ ಆದ್ರೆ ಜವಾಬ್ದಾರಿ ಯಾರದಮ್ಮಾ?’ ಅಂದರು. ಕೇಳಬೇಕಾದ ಪ್ರಶ್ನೆಯೇ. ನಾನಂದೆ, ‘ಸರ್, ಹೆಚ್ಚುಕಡಿಮೆ ಆದರೆ ಹುಡುಗಿ ಮೊದಲು ಯಾರ ಹತ್ತಿರ ಬರ್ತಾಳೆ? ಅಪ್ಪನಿಗೆ ವರದಿ ಕೊಡೋರ ಹತ್ತಿರ ಬರ್ತಾಳಾ? ನಾವು ಅವರ ಕಡೆಯವರು ಅಂತ ಗೊತ್ತಾದ ದಿನ ಅವಳು ಬಾಯಿ ಬಿಡೋದೇ ನಿಲ್ಲಿಸ್ತಾಳೆ.’ ಕಾಲೇಜಿನ ಆಂತರಿಕ ದೂರು ಸಮಿತಿಯಲ್ಲಿ ನಾಲ್ಕು ವರ್ಷ ಕೂತು ಕಲಿತ ಪಾಠ ಇದು. ಲೈಂಗಿಕ ಕಿರುಕುಳದ ದೂರು ತಂದ ಹುಡುಗಿಯರಲ್ಲಿ ಹೆಚ್ಚಿನವರು ಕುರ್ಚಿಯ ಮೇಲೆ ಕೂರುವ ಮೊದಲೇ ಕೇಳುವ ಪ್ರಶ್ನೆ ಒಂದೇ, ‘ಮನೆಗೆ ಹೇಳಲ್ಲ ಅಲ್ವಾ ಮೇಡಂ?’ ಮನೆಗೆ ಗೊತ್ತಾದರೆ ಕಿರುಕುಳ ಕೊಟ್ಟವನಿಗೆ ಏನಾಗುತ್ತದೋ, ಅವಳ ಓದು ಮಾತ್ರ ಅವತ್ತಿಗೇ ಮುಗಿಯುತ್ತದೆ ಅಂತ ಅವಳಿಗೆ ಗೊತ್ತು.

ಕೊನೆಗೆ ಏನಾಯಿತು? ಮುಖ ಗುರುತಿಸುವ ಕ್ಯಾಮೆರಾ ಸದ್ಯಕ್ಕೆ ಬರಲಿಲ್ಲ. ನನ್ನ ವಾದಕ್ಕಿಂತ ಅದರ ಬೆಲೆ ಹೆಚ್ಚು ಕೆಲಸ ಮಾಡಿತು. ಮನೆಗೆ ಹೋಗುವ ಮೆಸೇಜು ನಿಲ್ಲಲಿಲ್ಲ. ಆದರೆ ಪ್ರತಿ ಪೀರಿಯಡ್ಡಿನ ಬದಲು ತಿಂಗಳಿಗೊಮ್ಮೆ ಶೇಕಡಾ ಎಷ್ಟು ಹಾಜರಿ ಅಂತ ಹೋಗುವ ಹಾಗೆ ಬದಲಾಗುತ್ತದೆ ಅಂತ ಪ್ರಿನ್ಸಿಪಾಲರು ಮಾತು ಕೊಟ್ಟಿದ್ದಾರೆ. ಸಾಫ್ಟ್‌ವೇರಿನವರು ಬರಬೇಕು, ಬರುತ್ತಾರಂತೆ. ಅಲ್ಲಿಯವರೆಗೆ ನನ್ನ ಪೀರಿಯಡ್ಡಿನ ಹಾಜರಿಯನ್ನು ನಾನು ಸಂಜೆ ನಾಲ್ಕರ ಮೇಲೆ, ಒಬ್ಬೊಬ್ಬರನ್ನೂ ಕೇಳಿಯಾದ ಮೇಲೆ ತುಂಬುತ್ತೇನೆ. ನಿಯಮದಲ್ಲಿ ‘ಅದೇ ದಿನ’ ಅಂತಿದೆ, ‘ಅದೇ ಗಂಟೆ’ ಅಂತಿಲ್ಲ.

ಮೂರನೆಯ ಬೇಡಿಕೆ ಮಾತ್ರ ಯಾರ ವಿರೋಧವೂ ಇಲ್ಲದೆ ಪಾಸಾಯಿತು. ಅದಕ್ಕೆ ದುಡ್ಡು ಬೇಕಿರಲಿಲ್ಲ ನೋಡಿ. ಈಗ ಗುರುವಾರ ಕೊನೆಯ ಪೀರಿಯಡ್ಡು ಗ್ರಂಥಾಲಯಕ್ಕೆ. ಹಾಜರಿಯಿಲ್ಲ, ವರದಿಯಿಲ್ಲ, ಫೋಟೋ ಇಲ್ಲ. ಇದರಿಂದ ಓದುವ ಹವ್ಯಾಸ ಹೆಚ್ಚಾಗಿದೆಯೇ ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ಹೋದ ವಾರ ಹೋಗಿ ನೋಡಿದೆ. ಇಬ್ಬರು ಕಿಟಕಿ ಹತ್ತಿರ ಪಿಸುಗುಟ್ಟಿಕೊಂಡು ನಗುತ್ತಿದ್ದರು. ಒಬ್ಬಳು ಅಟ್ಲಾಸ್ ತೆರೆದು ಯಾವುದೋ ದೇಶದ ಮೇಲೆ ಬೆರಳಿಟ್ಟು ಕೂತಿದ್ದಳು. ಒಬ್ಬಳು ಪುಟಗಟ್ಟಲೆ ಏನೋ ಬರೆಯುತ್ತಿದ್ದಳು, ನಾನು ಹತ್ತಿರ ಹೋದಾಗ ಕೈ ಅಡ್ಡ ಇಟ್ಟಳು. ಹಿಂದಿನ ಮೇಜಿನಲ್ಲಿ ಇಬ್ಬರು ತಲೆ ಇಟ್ಟು ಗಾಢವಾಗಿ ನಿದ್ದೆ ಮಾಡುತ್ತಿದ್ದರು. ಬೆಳಿಗ್ಗೆ ಐದಕ್ಕೆದ್ದು ಕಸ ಗುಡಿಸಿ, ನೀರು ಹಿಡಿದು, ಬಸ್ಸು ಹಿಡಿದು ಬಂದವರು. ಲೈಬ್ರೇರಿಯನ್ ನನ್ನ ಮುಖ ನೋಡಿ, ‘ಎಬ್ಬಿಸ್ಲಾ ಮೇಡಂ?’ ಅಂದರು.

ಬೇಡ ಅಂದೆ.